ಫ್ರಿಜ್ಜಿನೊಳಗಿನ ಕಾರ್ ಕೀ

ಕೀಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಚೆನ್ನೈಯಲ್ಲಿ ಯಾರೂ ಇಲ್ಲವೆಂದು ಕಳೆದ ಮೇ ತಿಂಗಳವರೆಗೂ ನಂಬಿದ್ದೆ. ಮಣಲಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತನಾಲ್ಕು ವರ್ಷ ಕೀ ಕಾದವನು ನಾನು. ನೂರಾ ಹನ್ನೆರಡು ಬೀಗ, ನೂರಾ ಹನ್ನೆರಡು ಕೀ, ಒಂದೊಂದಕ್ಕೂ ಒಂದು ಮೊಳೆ, ಮೊಳೆಯ ಕೆಳಗೆ ನಂಬರು. ನಿವೃತ್ತನಾದ ದಿನ ಎಣಿಸಿದಾಗ ಒಂದೂ ಕಡಿಮೆ ಇರಲಿಲ್ಲ. ಒಂದು ಹೆಚ್ಚೇ ಇತ್ತು. ಅದು ಯಾವ ಬೀಗದ್ದೆಂದು ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಮಗಳು ವೀಣಾ ಸಿನಿಮಾದಲ್ಲಿದ್ದಾಳೆ. ಹೀಗೆಂದ ಕೂಡಲೇ ನೆಂಟರು ಯಾವ ಪಾರ್ಟು ಎಂದು ಕೇಳುತ್ತಾರೆ. ಅವಳದು ಪಾರ್ಟಲ್ಲ, ಚಿತ್ರೀಕರಣದ ಜಾಗದಲ್ಲೇ ನಟರ ಮಾತನ್ನು ಹಿಡಿದಿಡುವ ಕೆಲಸ. ಸೌಂಡ್ ಮಿಕ್ಸರ್ ಎನ್ನುತ್ತಾರೆ. ಮಾತು ಕೇಳುವುದಕ್ಕೂ ಸಂಬಳವೇ, ನಿಮ್ಮಮ್ಮನ ಮಾತನ್ನು ನಾನು ನಲವತ್ತು ವರ್ಷದಿಂದ ಪುಕ್ಕಟೆ ಕೇಳುತ್ತಿಲ್ಲವೇ ಎಂದು ಒಮ್ಮೆ ತಮಾಷೆ ಮಾಡಿದ್ದೆ. ನನ್ನ ಹೆಂಡತಿ ಸುಮತಿ ಅಡುಗೆಮನೆಯಿಂದಲೇ, "ಕೇಳಿದ್ದು ಯಾವಾಗ?" ಎಂದಳು.

ಇಷ್ಟು ದಿನ ಬೇರೆಯವರ ಕೈಕೆಳಗಿದ್ದ ವೀಣಾಳಿಗೆ ಈ ವರ್ಷ ಮೊದಲ ಬಾರಿ ಒಂದು ಚಿತ್ರದ ಧ್ವನಿಯ ಪೂರ್ತಿ ಜವಾಬ್ದಾರಿ ಸಿಕ್ಕಿತು. ಕಥೆಗೆ ಒಂದು ಹಳೆಯ ಮೆಸ್ಸು ಬೇಕಾಗಿತ್ತು. ಸುಮತಿಯ ತಮ್ಮ ರಾಘವನದು ತ್ರಿಪ್ಲಿಕೇನಿನಲ್ಲಿ ಅಂಥದೇ ಮೆಸ್ಸು. ಸಿನಿಮಾದವರೆಂದರೆ ಅವನಿಗೆ ಮೈಯೆಲ್ಲ ಉರಿ. ವೀಣಾ ಮೂರು ಸಲ ಹೋಗಿ, ಬೆಳಿಗ್ಗೆ ಹೇಗಿತ್ತೋ ಸಂಜೆ ಹಾಗೆಯೇ ಬಿಟ್ಟುಕೊಡುತ್ತೇನೆ, ನನ್ನ ಮಾತಿನ ಮೇಲೆ ಕೊಡಿ ಮಾವ ಎಂದು ಕೇಳಿಕೊಂಡಳು. ರಾಘವ ಕರಗಿದ. ಮೆಸ್ಸಿಗೆ ವಾರದ ರಜೆ ಸೋಮವಾರ. ಎರಡು ಸೋಮವಾರ ಕೊಡುತ್ತೇನೆಂದ.

ಮೊದಲ ಸೋಮವಾರ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಅನುಭವಸ್ಥನೊಬ್ಬ ಜೊತೆಗಿರಲಿ ಎಂದು ನಾನೇ ತೀರ್ಮಾನಿಸಿದ್ದೆ.

ತ್ರಿಪ್ಲಿಕೇನಿನಲ್ಲಿ ನಿಶ್ಶಬ್ದವನ್ನು ಹುಡುಕುವುದೆಂದರೆ ಮರೀನಾದಲ್ಲಿ ನಿಂತು ಮರಳಿಲ್ಲದ ಜಾಗ ಹುಡುಕಿದ ಹಾಗೆ. ವೀಣಾ ಹುಡುಕಿದಳು. ಕಿಟಕಿಗಳಿಗೆ ದಪ್ಪ ಕಂಬಳಿ ಕಟ್ಟಿಸಿದಳು. ಸ್ಟೀಲ್ ಲೋಟಗಳ ತಳಕ್ಕೆಲ್ಲ ಬಟ್ಟೆಯ ಬಿಲ್ಲೆ ಅಂಟಿಸಿದಳು. ಫ್ಯಾನು ಬಂದ್, ಹೊಗೆ ಎಳೆಯುವ ಯಂತ್ರ ಬಂದ್, ಕೊನೆಗೆ ಅಡುಗೆಮನೆಯ ದೊಡ್ಡ ಫ್ರಿಜ್ಜೂ ಬಂದ್. ಅದು ಗುಂಯ್‌ಗುಡುವುದು ನಮಗೆ ಕೇಳಿಸದಿದ್ದರೂ ಮೈಕಿಗೆ ಕೇಳಿಸುತ್ತದಂತೆ. ಅವಳ ಸಹಾಯಕ ಸೆಲ್ವಂ ಉದ್ದ ಕೋಲಿನ ತುದಿಗೆ ಮೈಕು ಸಿಕ್ಕಿಸಿ, ಅದಕ್ಕೊಂದು ತುಪ್ಪಳದ ಚೀಲ ಹಾಕಿ, ಸತ್ತ ಬೆಕ್ಕನ್ನು ಎತ್ತಿ ಹಿಡಿದವನಂತೆ ನಟರ ತಲೆಯ ಮೇಲೆ ಆಡಿಸುತ್ತಿದ್ದ. ವೀಣಾ ಮೂಲೆಯಲ್ಲಿ ಯಂತ್ರಗಳನ್ನಿಟ್ಟ ಒಂದು ತಳ್ಳುಗಾಡಿಯ ಮುಂದೆ ಹೆಡ್‌ಫೋನ್ ಹಾಕಿ ಕುಳಿತಿದ್ದಳು. ಪ್ರತಿ ಟೇಕ್ ಮುಗಿದಾಗಲೂ ಒಂದು ಹಾಳೆಯಲ್ಲಿ ಅದರ ನಂಬರು, ಪಕ್ಕದ ಕಾಲಂನಲ್ಲಿ ಷರಾ. "ಆಟೋ ಹಾರ್ನ್." "ಕಾಗೆ." "ಪಕ್ಕದ ಮನೆಯ ಮಿಕ್ಸಿ." ಆ ರಿಪೋರ್ಟು ನನಗೆ ಬಹಳ ಹಿಡಿಸಿತು. ನಮ್ಮ ಉಗ್ರಾಣದ ರಿಜಿಸ್ಟರಿನ ಹಾಗೆಯೇ ಇತ್ತು.

ಬೆಳಿಗ್ಗೆ ಫ್ರಿಜ್ ಆರಿಸುವಾಗ ಅವಳು ಎಲ್ಲರನ್ನೂ ಸೇರಿಸಿ ಏನೋ ಹೇಳಿದಳು. ಆ ಹೊತ್ತಿಗೆ ನಾನು ಕ್ಯಾಮರಾದವರಿಗೆ ಕೀ ನಿರ್ವಹಣೆಯ ಮಹತ್ವವನ್ನು ವಿವರಿಸುತ್ತಿದ್ದೆ. ಆದ್ದರಿಂದ ಕೇಳಿಸಿಕೊಳ್ಳಲಿಲ್ಲ.

ಸಂಜೆ ಐದರ ಹೊತ್ತಿಗೆ ಕೊನೆಯ ದೃಶ್ಯ ಮುಗಿಯಿತು. ಇನ್ನು ರೂಮ್ ಟೋನ್ ಎಂದರು. ಯಾರೂ ಮಾತಾಡದಿದ್ದಾಗ ಆ ಕೋಣೆ ಹೇಗೆ ಕೇಳಿಸುತ್ತದೆಂದು ಒಂದು ನಿಮಿಷ ಹಿಡಿದಿಡುತ್ತಾರೆ. ಆಮೇಲೆ ಮಾತುಗಳ ನಡುವಿನ ಸಂದು ತುಂಬಲು ಬೇಕಾಗುತ್ತದಂತೆ. ಮೂವತ್ತು ಜನ ನಿಂತಲ್ಲೇ ಕಲ್ಲಾದರು. ಕೆಲವರು ಕಣ್ಣನ್ನೂ ಮುಚ್ಚಿದರು.

ಇಲ್ಲಿ ನನ್ನ ತಪ್ಪೊಪ್ಪಿಗೆ ಶುರುವಾಗುತ್ತದೆ.

ನನಗೆ ಸಕ್ಕರೆ ಕಾಯಿಲೆ. ರಾಘವನ ಫ್ರಿಜ್ಜಿನಲ್ಲಿ ಕಾಶಿ ಹಲ್ವ ಇದೆಯೆಂದು ನನಗೆ ಗೊತ್ತಿತ್ತು. ಸುಮತಿಯ ಗೂಢಚಾರರು ಆ ಮೆಸ್ಸಿನಲ್ಲಿ ಎಲ್ಲೆಲ್ಲೂ ಇದ್ದಾರೆ. ಆದರೆ ಯಾರೂ ಅಲುಗಾಡಬಾರದು, ತಿರುಗಿ ನೋಡಬಾರದು ಎಂಬ ಕಾನೂನು ಇಡೀ ಒಂದು ನಿಮಿಷ ಜಾರಿಯಲ್ಲಿರುವ ಅವಕಾಶ ಮನುಷ್ಯನಿಗೆ ಎಷ್ಟು ಸಲ ಬರುತ್ತದೆ? ನಾನು ಬರಿಗಾಲಲ್ಲಿ ಅಡುಗೆಮನೆಗೆ ನಡೆದು ಫ್ರಿಜ್ ತೆರೆದೆ.

ಹಲ್ವ ಇತ್ತು. ಹಲ್ವದ ಪಕ್ಕದಲ್ಲಿ ಒಂದು ಕಾರ್ ಕೀ ಇತ್ತು!

ನೋಡಿ ನನ್ನ ರಕ್ತ ಕುದಿಯಿತು. ಹಲ್ವ ಬಾಯಿಗೆ, ಕೀ ಜೇಬಿಗೆ. ಹೊರಗೆ ಬಂದು ಗಲ್ಲಾ ಪೆಟ್ಟಿಗೆಯ ಮೇಲಿನ ಮೊಳೆಗೆ ಅದನ್ನು ತೂಗುಹಾಕಿದಾಗ ಮನಸ್ಸಿಗೆ ನೆಮ್ಮದಿಯಾಯಿತು. ಸಾಮಾನು ಕಟ್ಟುವಾಗ, ಬೆಳಿಗ್ಗೆ ನನ್ನ ಹಾಗೆಯೇ ವೀಣಾಳ ಮಾತು ಕೇಳಿಸಿಕೊಂಡಿರದ ಸೆಲ್ವಂ ಬಂದು, "ಅಕ್ಕಾ ಕಾರ್ ಸಾವಿ ಪಾತ್ತೀಂಗಳಾ ಸಾರ್?" ಎಂದು ವೀಣಾಳ ಕಾರಿನ ಕೀಯನ್ನು ಕೇಳಿದ. ಹುಡುಕಬೇಕಾದದ್ದೇನಿದೆ, ಮೊಳೆಯಲ್ಲಿದೆ ಎಂದು ರಾಜಗಾಂಭೀರ್ಯದಿಂದ ಕೊಟ್ಟೆ. ಅವನು ಕಾರನ್ನು ಬಾಗಿಲಿಗೆ ತಂದ. ಹಗಲೆಲ್ಲ ದಣಿದಿದ್ದ ವೀಣಾ ಹತ್ತಿ ಕುಳಿತು ಅಲ್ಲೇ ಕಣ್ಣು ಮುಚ್ಚಿದಳು.

ಫ್ರಿಜ್ಜನ್ನು ಯಾರೂ ಹಾಕಲಿಲ್ಲ.

ಆ ಫ್ರಿಜ್ಜಿನಲ್ಲಿ ಎರಡು ಕೊಳಗ ಇಡ್ಲಿ ಹಿಟ್ಟಿತ್ತು. ಮಂಗಳವಾರ ಬೆಳಿಗ್ಗೆ ಒಂದು ನಾಮಕರಣಕ್ಕೆ ಇನ್ನೂರು ಜನರ ತಿಂಡಿಯನ್ನು ರಾಘವ ಒಪ್ಪಿಕೊಂಡಿದ್ದ. ಬೆಳಿಗ್ಗೆ ಐದಕ್ಕೆ ಅವನ ಫೋನು ಬಂತು. ನಾವು ಮೂವರೂ ಓಡಿದೆವು. ಮೇ ತಿಂಗಳ ಸೆಖೆಯಲ್ಲಿ ಹಿಟ್ಟು ತನ್ನ ಧರ್ಮವನ್ನು ತಾನು ಪಾಲಿಸಿತ್ತು. ಉಬ್ಬಿ, ಕೊಳಗ ಮೀರಿ, ಫ್ರಿಜ್ಜಿನ ಬಾಗಿಲನ್ನು ತಾನೇ ತಳ್ಳಿಕೊಂಡು, ನೆಲಕ್ಕಿಳಿದು, ಗ್ರೈಂಡರಿಗೆ ಒಂದು ಪ್ರದಕ್ಷಿಣೆ ಹಾಕಿ ಊಟದ ಹಾಲಿನ ಹೊಸ್ತಿಲ ಹತ್ತಿರ ಬಂದಿತ್ತು. ಇನ್ನರ್ಧ ಗಂಟೆ ಬಿಟ್ಟಿದ್ದರೆ ಟೋಕನ್ ತೆಗೆದುಕೊಂಡು ಮೇಜಿಗೇ ಕೂರುತ್ತಿತ್ತು.

ಸೊಂಟಕ್ಕೆ ಪಂಚೆ ಎತ್ತಿ ಕಟ್ಟಿದ ರಾಘವ ಹಿಟ್ಟಿನ ನಡುವೆ ನಿಂತಿದ್ದ. "ಇನ್ನೂರು ಜನಕ್ಕೆ ಉಪ್ಪಿಟ್ಟು ಬಡಿಸ್ಬೇಕು ನಾನು. ನಾಮಕರಣಕ್ಕೆ ಉಪ್ಪಿಟ್ಟು. ಮುಂದಿನ ಸೋಮವಾರ ನಿಮ್ಮ ಪೈಕಿಯವರು ಯಾರೂ ಈ ಕಡೆ ಬರುದು ಬೇಡ ಮಗಾ. ಬೇರೆ ಮೆಸ್ಸು ನೋಡ್ಕೊಳ್ಳಿ."

ಅರ್ಧ ಚಿತ್ರೀಕರಿಸಿದ ಮೇಲೆ ಬೇರೆ ಮೆಸ್ಸು ಆಗುವುದಿಲ್ಲ. ಗೋಡೆ ಬೇರೆ, ಮೇಜು ಬೇರೆ. ಆಗಿದ್ದೆಲ್ಲ ವ್ಯರ್ಥ, ಕಾರಣ ಯಾರೆಂದರೆ ಸೌಂಡಿನ ಹುಡುಗಿ. ಅವಳ ಮೊದಲ ಚಿತ್ರವೇ ಕೊನೆಯದಾಗುತ್ತಿತ್ತು. ವೀಣಾಳ ಮುಖ ಸುಣ್ಣದ ಹಾಗಾಗಿತ್ತು.

ಆಗ ತಂದೆಯಾದವನು ಏನು ಮಾಡಬೇಕು? ನಾನು ಭಾಷಣ ಮಾಡಿದೆ. ಜವಾಬ್ದಾರಿ ಎಂದರೇನು, ನಮ್ಮ ಉಗ್ರಾಣದಲ್ಲಾಗಿದ್ದರೆ ಏನಾಗುತ್ತಿತ್ತು, ಸ್ವಿಚ್ ಆರಿಸಿದವರೇ ಹಾಕಬೇಕೆಂಬ ಸಾಮಾನ್ಯ ಜ್ಞಾನ ಎಲ್ಲಿ ಹೋಯಿತು, ಹೀಗೆ ಹತ್ತು ನಿಮಿಷ.

ವೀಣಾ ಮೆಲ್ಲಗೆ, "ಫ್ರಿಜ್ ಆಫ್ ಮಾಡಿದ್ರೆ ಕಾರ್ ಕೀನ ಅದ್ರೊಳಗೇ ಇಡ್ತೀವಪ್ಪಾ. ಕೀ ಇಲ್ದೆ ಮನೆಗೆ ಹೋಗೋಕಾಗಲ್ಲ, ತೆಗೆಯೋಕೆ ಹೋದಾಗ ಸ್ವಿಚ್ ಹಾಕೋದು ನೆನಪಾಗತ್ತೆ ಅಂತ. ನಿನ್ನೇನೂ ಇಟ್ಟಿದ್ದೆ. ಅದು ಹೇಗೆ ಹೊರಗೆ ಬಂತೋ ತೆರಿಯಲ, ಗೊತ್ತಾಗ್ತಿಲ್ಲ," ಎಂದಳು.

ನನಗೆ ತಿಳಿಯಿತು. ಆ ಕ್ಷಣವೇ, ಪೂರ್ತಿಯಾಗಿ ತಿಳಿಯಿತು. ಕೀ ವಿಷಯ ಹೇಳಿದರೆ ಹಲ್ವದ ವಿಷಯ ಹೇಳಬೇಕು, ಹಲ್ವದ ವಿಷಯ ಹೇಳಿದರೆ ಪಕ್ಕದಲ್ಲಿ ಸುಮತಿ ನಿಂತಿದ್ದಾಳೆ. ಒಂದು ಕಡೆ ಮಗಳ ಬದುಕು, ಇನ್ನೊಂದು ಕಡೆ ಒಂದು ತುಂಡು ಹಲ್ವ. ನಾನು ಹಲ್ವದ ಪಕ್ಷ ವಹಿಸಿದೆ. ಪೊರಕೆ ತೆಗೆದುಕೊಂಡು ಹಿಟ್ಟು ಗುಡಿಸತೊಡಗಿದೆ. ಈ ವಯಸ್ಸಿನಲ್ಲಿ ಭಾವನಿಗೆ ಎಷ್ಟು ಜವಾಬ್ದಾರಿ ನೋಡು ಎಂದು ರಾಘವ ವೀಣಾಳಿಗೆ ನನ್ನನ್ನು ತೋರಿಸಿದ.

ಗುರುವಾರ ಬೆಳಿಗ್ಗೆ ವೀಣಾ ಮನೆಯಲ್ಲಿ ಸೋಮವಾರದ ಧ್ವನಿಗಳನ್ನು ಒಂದೊಂದಾಗಿ ಕೇಳುತ್ತ ಕುಳಿತಿದ್ದಳು. ಇದ್ದಕ್ಕಿದ್ದಂತೆ ಎದ್ದು ಬಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು.

ಮೊದಲು ನಿಶ್ಶಬ್ದ. ಒಂದು ಕಾಗೆ. ದೂರದಲ್ಲಿ ಬಸ್ಸು. ಆಮೇಲೆ ಫ್ರಿಜ್ಜಿನ ಬಾಗಿಲ ಕಿರ್ರು. ಆಮೇಲೆ ನನ್ನದೇ ಪಿಸುದನಿ: "ಯಾವ ಮಂಡೆ ಸಮ ಇಲ್ಲದ್ದು ಮಾರಾಯ, ಕೀಯನ್ನು ಫ್ರಿಜ್ಜಲ್ಲಿಡುದು? ನಮ್ಮ ಸ್ಟೋರಲ್ಲಾದ್ರೆ ಮೆಮೊ ಕೊಡ್ತಿದ್ದೆ." ಕೀಯ ಝಣಝಣ. ಕೊನೆಗೆ, ಬಹಳ ಹತ್ತಿರದಲ್ಲಿ, ಹಲ್ವ ಜಗಿದು ಬೆರಳು ನೆಕ್ಕುವ ಶಬ್ದ. ಅಡುಗೆಮನೆಯ ಡಬ್ಬಿಗಳ ಹಿಂದೆ ಅವಳೊಂದು ಪುಟ್ಟ ಮೈಕು ಬಚ್ಚಿಟ್ಟಿದ್ದಳಂತೆ. ಅವತ್ತು ಅವಳು ಕೇಳುತ್ತಿದ್ದದ್ದು ಊಟದ ಹಾಲ್‌ನಲ್ಲಿದ್ದ ಮೈಕು. ಇದರದು ಬೇರೆಯಾಗಿ ದಾಖಲಾಗಿತ್ತು. ಮಗಳ ಕೆಲಸ ಎಷ್ಟು ಚೊಕ್ಕವೆಂದು ನನಗೆ ಮನವರಿಕೆಯಾದದ್ದು ಹೀಗೆ.

ರಾಘವನಿಗೆ ಇದನ್ನು ಕೇಳಿಸಿಬಿಡುತ್ತೀಯಾ ಎಂದು ಕೇಳಿದೆ. ಅವಳು ಹೆಡ್‌ಫೋನಿನ ತಂತಿಯನ್ನು ಸುತ್ತುತ್ತ ಹೇಳಿದಳು: "ಇಲ್ಲಪ್ಪಾ. ಅದು ನಿಮ್ಮ ವಾಯ್ಸು. ನೀವೇ ಹೇಳಿದ್ರೆ ಚೆನ್ನಾಗಿರತ್ತೆ."

ಅವಳು ಬೈದಿದ್ದರೆ ನಾನು ಬಸ್ಸು ಹತ್ತುತ್ತಿರಲಿಲ್ಲ. ನೇರ ತ್ರಿಪ್ಲಿಕೇನಿಗೆ ಹೋದೆ. ಸುಮತಿಯನ್ನೂ ಕರೆದುಕೊಂಡು ಹೋದೆ; ಎರಡೆರಡು ಸಲ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಮಧ್ಯಾಹ್ನದ ಊಟದ ಗಲಾಟೆಯ ನಡುವೆ, ಗಲ್ಲಾ ಪೆಟ್ಟಿಗೆಯ ಮುಂದೆ ನಿಂತು, ಕೀಯಿಂದ ಹಲ್ವದವರೆಗೆ ಎಲ್ಲವನ್ನೂ ಹೇಳಿದೆ. ರಾಘವ ನನ್ನನ್ನೂ ಮೊಳೆಯನ್ನೂ ಒಂದೆರಡು ಸಲ ನೋಡಿದ.

"ಮಗು ಮೇಲೆ ಹಾಕಿ ಸುಮ್ಮನಿದ್ರಲ್ಲ ಭಾವ," ಎಂದ.

ಸುಮತಿ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ತುಂಡು?"

"ಒಂದು," ಎಂದೆ.

"ರೆಕಾರ್ಡಿಂಗ್ ಉಂಟಲ್ಲ, ಎಣಿಸ್ತೇನೆ," ಎಂದಳು. ಎರಡು ಎಂದು ತಿದ್ದಿಕೊಂಡೆ.

ಸೋಮವಾರ ಮೆಸ್ಸು ಕೊಡಲು ರಾಘವ ಒಪ್ಪಿದ, ಆದರೆ ಒಂದು ಷರತ್ತು. ಈ ಸಲ ಫ್ರಿಜ್ಜಿನಲ್ಲಿಡುವುದು ಕಾರ್ ಕೀ ಅಲ್ಲ, ಭಾವನ ಕನ್ನಡಕ. ಅದಿಲ್ಲದಿದ್ದರೆ ಅವರಿಗೆ ಕೀಯೂ ಕಾಣುವುದಿಲ್ಲ, ಹಲ್ವವೂ ಕಾಣುವುದಿಲ್ಲ, ಮನೆಗೆ ಹೋಗುವ ದಾರಿಯೂ ಕಾಣುವುದಿಲ್ಲ. ಮರೆಯುವ ಪ್ರಶ್ನೆಯೇ ಇಲ್ಲ ಎಂದ. ಮನೆಯವರೆಲ್ಲ ಇದನ್ನು ಅವಿರೋಧವಾಗಿ ಅಂಗೀಕರಿಸಿದರು.

ಹಾಗೆ ಎರಡನೆಯ ಸೋಮವಾರ ನನ್ನ ಕನ್ನಡಕ ಡಬ್ಬಿಯೊಳಗೆ, ಡಬ್ಬಿ ಫ್ರಿಜ್ಜಿನೊಳಗೆ, ನಾನು ಒಂದು ಸ್ಟೂಲಿನ ಮೇಲೆ. ಹಗಲೆಲ್ಲ ನನಗೆ ಕಂಡದ್ದು ಮಸುಕು ಮನುಷ್ಯರು ಮತ್ತು ಅವರ ತಲೆಯ ಮೇಲೆ ಹಾರಾಡುವ ಒಂದು ಮಸುಕು ಬೆಕ್ಕು. ಸಂಜೆ ರೂಮ್ ಟೋನ್ ಹೊತ್ತಿಗೆ ಉಸಿರನ್ನೂ ಅಳೆದು ಬಿಟ್ಟೆ.

ಎಲ್ಲ ಮುಗಿದ ಮೇಲೆ ವೀಣಾ ಸ್ವಿಚ್ ಹಾಕಿ, ಕನ್ನಡಕ ತಂದು ಮೂಗಿನ ಮೇಲಿಟ್ಟಳು. ಆಮೇಲೆ ಆ ದಿನದ ರಿಪೋರ್ಟನ್ನು ನನ್ನ ಮುಂದೆ ಹಿಡಿದಳು. ಕೊನೆಯ ಸಾಲಿನಲ್ಲಿ, ಷರಾ ಕಾಲಂನಲ್ಲಿ, ಕನ್ನಡದಲ್ಲಿ ಬರೆದಿದ್ದಳು: "ರೂಮ್ ಟೋನ್, ಒಂದು ನಿಮಿಷ. ಚೆನ್ನಾಗಿದೆ. ಅಪ್ಪ ಸುಮ್ಮನಿದ್ದರು."

ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದರೂ ನನ್ನ ಕೆಲಸ ಚೆನ್ನಾಗಿದೆಯೆಂದು ಯಾರೂ ಬರೆದು ಕೊಟ್ಟಿರಲಿಲ್ಲ. ಮೊದಲ ಪ್ರಶಂಸಾಪತ್ರ ಬಂದದ್ದು, ಏನನ್ನೂ ಮುಟ್ಟದೆ ಒಂದು ನಿಮಿಷ ಬಾಯಿ ಮುಚ್ಚಿ ಕುಳಿತದ್ದಕ್ಕೆ.