ತೆಲುಗಿನಲ್ಲಿ ಗಾಳಿ ನಿಲ್ಲಿಸಿದ್ದು

ಹೈದರಾಬಾದಿನ ಕುಷಾಯಿಗೂಡದಲ್ಲಿ ನಮ್ಮದೊಂದು ರೊಟ್ಟಿ ಕೇಂದ್ರವಿದೆ. ಕೇಂದ್ರ ಎಂದರೆ ಎರಡು ಕೋಣೆ, ಒಂದಿಷ್ಟು ಒಲೆ, ಒಬ್ಬ ಮಾಲಕ. ಮಾಲಕ ನಾನು. ರೊಟ್ಟಿ ಬಡಿಯುವವರು ಕಾಶೀಬಾಯಿ. ಹೀಗಾಗಿ ನಿಜವಾದ ಮಾಲಕರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಳಿ ಬಿದ್ದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಜನ ಮುಗಿಬೀಳುತ್ತಾರೆ. ಅದೇ ಚಳಿ ಕಾಶೀಬಾಯಿಯ ಮೊಣಕಾಲನ್ನೂ ಹಿಡಿಯುತ್ತದೆ. ನೆಲದ ಮೇಲೆ ಕೂರಲಾಗದೆ ಅವರು ಯಾವುದೋ ಆಫೀಸಿನವರು ಹೊರಹಾಕಿದ, ಗಾಲಿಗಳಿರುವ ಕುರ್ಚಿಯಲ್ಲಿ ಕೂತು ಹಿಟ್ಟಿನಿಂದ ಒಲೆಗೆ, ಒಲೆಯಿಂದ ಹಿಟ್ಟಿಗೆ ಓಡಾಡುತ್ತಾರೆ.

ದೀಪಾವಳಿ ಮುಗಿಯುತ್ತಲೇ ಅವರು ಬಾಯಿಮಾತಿನ ನೋಟೀಸು ಕೊಟ್ಟರು.

“ಹಿತ್ತಲ ಬಾಗಲದಿಂದ ಗಾಳಿ ಸುಯ್ ಅಂತ ಬರಾಕತ್ತೈತ್ರಿ. ಮುಂದ ಒಲಿ ಸುಡತೈತಿ, ಹಿಂದ ಬೆನ್ನು ಸೆಟೀತೈತಿ. ಈ ಸಲಾನೂ ಹಿಂಗ ಆದ್ರ ನಾ ಕಲಬುರಗಿಗೆ ಮಗಳ ಮನಿಗೆ ಹೋಗಾಕಿ.”

ಕಾಶೀಬಾಯಿ ಹೋದರೆ ಉಳಿಯುವುದು ಹಿಟ್ಟು ಮತ್ತು ನಾನು. ಎರಡೂ ಹಸಿ.

“ಬಾಗಲ ಸಂದಿಗೆ ಒಂದು ಗೋಣಿಚೀಲ ತುರುಕ್ರಿ, ಸಾಕು” ಎಂದಳು ಹೆಂಡತಿ ಸುಮಂಗಲಾ.

ಗೋಣಿಚೀಲವಂತೆ! ಒಂದು ಉದ್ದಿಮೆಯ ಚಳಿಗಾಲದ ಪೂರ್ವಸಿದ್ಧತೆ ಎಂದರೆ ಅದಕ್ಕೊಂದು ಶಿಸ್ತು ಬೇಡವೆ? ನಾನು ಬಡಗಿಯನ್ನು ಕರೆಸಿದೆ. ಬಂದವನು ಹೊಸಬ, ಬಾಯಿ ಬಿಡದ ಮನುಷ್ಯ. ಹೈದರಾಬಾದಿನಲ್ಲಿ ಇಷ್ಟು ಕಾಲ ಕಳೆದ ನನಗೆ ನನ್ನ ತೆಲುಗಿನ ಮೇಲೆ ಅಪಾರ ನಂಬಿಕೆ. ತೆಲುಗಿನಲ್ಲಿ ಗಾಳಿಗೆ ‘ಗಾಲಿ’ ಎನ್ನುತ್ತಾರೆ. ಕುರ್ಚಿಯತ್ತ ಕೈ ತೋರಿಸಿ ಠೀವಿಯಿಂದ ಅಪ್ಪಣೆ ಮಾಡಿದೆ: “ಈ ಗಾಲಿ ಚಾಲಾ ಇಬ್ಬಂದಿ. ಕುರ್ಚೀ ದಗ್ಗರ ಗಾಲಿ ಅಸ್ಸಲು ಉಂಡಕೂಡದು.” ಈ ಗಾಳಿಯಿಂದ ಬಹಳ ತೊಂದರೆ, ಕುರ್ಚಿಯ ಹತ್ತಿರ ಗಾಳಿಯೇ ಇರಕೂಡದು, ಎಂದರ್ಥ.

ಅವನು ಕುರ್ಚಿ ನೋಡಿದ. ಹಿಟ್ಟಿನ ಟ್ರಾಲಿ ನೋಡಿದ. ಹೊರಗೆ ನಿಂತ ಸೈಕಲ್ಲನ್ನೂ ನೋಡಿ, “ಸಬ್, ಸಾಬ್?” ಎಂದ.

“ಸಬ್!” ಎಂದೆ ಉದಾರವಾಗಿ. ಕೀಲಿ ಅವನ ಕೈಗಿಟ್ಟು, ನಾರಾಯಣಗೂಡದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿ ಹೋಳಿಗೆ ಉಂಡು ಬಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಗಾಳಿ ಎಂದಿನಂತೆ ಹಿತ್ತಲಿಂದ ಬಂದು ನಮ್ಮನ್ನು ಸ್ವಾಗತಿಸಿತು. ಗಾಲಿಗಳು ಮಾತ್ರ ಇರಲಿಲ್ಲ. ಕುರ್ಚಿಗಿಲ್ಲ, ಟ್ರಾಲಿಗಿಲ್ಲ, ರೊಟ್ಟಿ ಹಂಚುವ ಸೈಕಲ್ಲಿಗೂ ಇಲ್ಲ. ಎಲ್ಲವನ್ನೂ ಬಿಚ್ಚಿ, ಒರೆಸಿ, ಅಟ್ಟದ ಮೇಲೆ ಸಾಲಾಗಿ ಜೋಡಿಸಿದ್ದ. ಅಚ್ಚುಕಟ್ಟಾದ ಕೆಲಸ.

ಇದನ್ನು ಗಮನಿಸದೆ ಕಾಶೀಬಾಯಿ ಕುರ್ಚಿಯಲ್ಲಿ ಕೂತರು. ಕುರ್ಚಿ ಗಿಡ್ಡಾಗಿತ್ತು. ಕೂತವರು ಏಳಲಾಗಲಿಲ್ಲ. ನಾನೊಂದು ರಟ್ಟೆ, ಸುಮಂಗಲಾ ಒಂದು ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ಅವರ ಮೊಣಕಾಲು ಲಟಕ್ಕೆಂದಿತು. ನನಗೆ ಅಳು ಬಂತು.

ಬಡಗಿಯನ್ನು ಮತ್ತೆ ಕರೆಸಿದೆವು. ಟ್ರಾಲಿ ಎತ್ತಲು ಅವನಿಗೆ ನಾನೂ ಕೈ ಹಚ್ಚಿದೆ. ಅದೇ ತಪ್ಪಾಯಿತು. ಟ್ರಾಲಿ ಅವನ ಕಾಲ ಮೇಲೆ ಬಿತ್ತು.

“ಸತ್ತೆನಲ್ಲೋ ಯವ್ವಾ!”

ಬಡಗಿ ಕೂಗಿದ್ದು ಅಪ್ಪಟ ಕನ್ನಡದಲ್ಲಿ.

“ಯಾವೂರೋ ತಮ್ಮಾ?” ಕಾಶೀಬಾಯಿ ಕೇಳಿದರು.

“ಶಹಾಪುರ ಕಡಿಯಾಂವ್ರಿ. ಬಂದು ಭಾಳ ದಿನಾ ಆಗಿಲ್ಲ. ಮಾಲಕ್ರು ತೆಲುಗಿನವ್ರು ಅಂತ ತಿಳಕೊಂಡಿದ್ದೆ. ನನಗ ತೆಲುಗು ಬರಂಗಿಲ್ರಿ. ಅವರು ಹೇಳಿದ್ರಾಗ ಕುರ್ಚಿ ಅಂದದ್ದು, ಗಾಲಿ ಅಂದದ್ದು, ಎರಡ ತಿಳೀತು. ಇನ್ನುಳಿದಿದ್ದಕ್ಕ ಸುಮ್ಮನ ಗೋಣು ಹಾಕಿದೆ.”

ಸುಮಂಗಲಾ ಸೆರಗು ಬಾಯಿಗಿಟ್ಟುಕೊಂಡು ಒಳಕೋಣೆಗೆ ಹೋದಳು. ಅವಳ ಭುಜ ಕುಣಿಯುತ್ತಿದ್ದುದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ಗಾಲಿಗಳು ಮರಳಿ ಬಂದವು. ಕನ್ನಡದಲ್ಲಿ ಹೇಳಿದ ಮೇಲೆ ಹಿತ್ತಲ ಬಾಗಿಲ ಸಂದಿಗೆ ಪಟ್ಟಿಯೂ ಬಿತ್ತು, ಗಾಳಿಯೂ ನಿಂತಿತು. ಆದರೆ ಕಾಶೀಬಾಯಿ ಅಷ್ಟರಲ್ಲೇ ಚೀಲ ಕಟ್ಟಿದ್ದರು. ಕೈ ಮುಗಿದು ಬೇಡಿಕೊಂಡೆ.

“ಸಿಟ್ಟಿಲ್ರಿ ಮಾಲಕ್ರ, ಅಂಜಿಕಿ ಬಂದೈತಿ” ಎಂದರು. “ಗಾಳಿ ನಿಲ್ಲಸ್ತೀನಿ ಅಂತ ಹೇಳಿ ನನ್ನ ಕುರ್ಚಿ ನಿಲ್ಲಿಸಿದ್ರಿ. ನಾಳೆ ಬೆಚ್ಚಗ ಮಾಡತೀನಿ ಅಂತ ಹೇಳಿ ಮನಿಗೇ ಬೆಂಕಿ ಹಚ್ಚತೀರಿ. ಚಳಿ ಮುಗೀಲಿ, ಆಮ್ಯಾಲ ನೋಡೂಣು.”

ಚಳಿ ಮುಗಿದ ಮೇಲೆ ಸಜ್ಜೆ ರೊಟ್ಟಿ ಕೇಳುವವರಾದರೂ ಯಾರು? ಬಸ್ಸು ಹತ್ತಿಸಿ ಬಂದು ಖಾಲಿ ಕುರ್ಚಿಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಎರಡು ದಿನ ಬಿಟ್ಟು ಕಲಬುರಗಿಯಿಂದ ಫೋನು ಬಂತು. ಸುಮಂಗಲಾ ಅದನ್ನು ನನ್ನ ಕಿವಿಗೆ ಹಿಡಿದಳು.

“ಹೆಂಗೈತ್ರಿ ಮಾಲಕ್ರ? ಒಳಗೀಗ ಬೆಚ್ಚಗಾಗೇತೇನು?”

“ಭಾಳ ಬೆಚ್ಚಗೈತ್ರಿ” ಎಂದೆ.

ಸುಳ್ಳೇನಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಹಿಟ್ಟು ಮೆತ್ತಿತ್ತು, ಹಂಚಿನ ಮೇಲೆ ನಾನು ಬಡಿದ ಮೊದಲ ರೊಟ್ಟಿ ಹೊತ್ತುತ್ತಿತ್ತು.