ನಮ್ಮ ಹುಡುಗಿಯನ್ನು ಕೂರಿಸಿಕೊಂಡ ಬೆಂಚಿಗೆ

ಮಾನ್ಯ ಬೆಂಚಿನವರೇ,

ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣದ ಪಡುವಣ ಬದಿಯಲ್ಲಿ, ನೀರಿನ ಬಾಟಲಿಗಳ ಪಕ್ಕದಲ್ಲಿ, ಆರು ಕಬ್ಬಿಣದ ಕಾಲುಗಳ ಮೇಲೆ ವರ್ಷವಿಡೀ ನಿಂತು, ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಬದಲಿ ಆಟಗಾರ್ತಿಯರ ಭಾರವನ್ನು ಮರುಮಾತಿಲ್ಲದೆ ಹೊರುತ್ತಿರುವ ತಮಗೆ ಜುರಾಂಗ್ ಈಸ್ಟಿನ ಹನ್ನೊಂದನೆಯ ಮಹಡಿಯಿಂದ ಸೀನಪ್ಪನ ಶರಣು. ತಮ್ಮ ನಟ್ಟು ಬೋಲ್ಟುಗಳು ಕ್ಷೇಮವೆಂದು ನಂಬಿದ್ದೇನೆ. ನಾನು ಕಡಲಾಚೆಯ ಈ ಪರದೇಶದ ಊರಿನಲ್ಲಿ ಹದಿನೇಳು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡಿರುವವನಾದ್ದರಿಂದ ನಟ್ಟು ಬೋಲ್ಟುಗಳ ಯೋಗಕ್ಷೇಮ ವಿಚಾರಿಸುವುದು ನನ್ನ ಮಟ್ಟಿಗೆ ಬರೀ ಉಪಚಾರದ ಮಾತಲ್ಲ ಎಂಬುದನ್ನು ತಾವು ದಯಮಾಡಿ ಗಮನಿಸಬೇಕು.

ತಮ್ಮ ಮೇಲೊಂದು ದೂರಿದೆ. 2016ರ ಈ ಆಟದ ಹಂಗಾಮಿನ ಮೊದಲ ಪಂದ್ಯದಲ್ಲಿ, ಹತ್ತೊಂಬತ್ತು ವರ್ಷದ, ಐದಡಿ ಹನ್ನೊಂದಿಂಚಿನ, ತಂಡಕ್ಕೆ ಹೊಸದಾಗಿ ಆಯ್ಕೆಯಾದ, ಹದಿನಾಲ್ಕನೆಯ ನಂಬರಿನ ಸುರಕ್ಷಾ ಎಂಬ ನನ್ನ ಮಗಳನ್ನು ತಾವು ಆಟದ ನಲವತ್ತು ನಿಮಿಷವೂ ಬಿಡದೆ ಕೂರಿಸಿಕೊಂಡಿರಿ. ಇದು ನನ್ನೊಬ್ಬನ ಅಳಲಲ್ಲ. ಇಲ್ಲಿನ ಕನ್ನಡ ಕ್ರೀಡಾಭಿಮಾನಿ ಬಳಗದ ಇನ್ನೂರ ಹನ್ನೆರಡು ಮಂದಿ ಸಹಿ ಹಾಕಿ, ಇದನ್ನು ಕನ್ನಡ ಕುಲಕ್ಕೆ ಆದ ಅನ್ಯಾಯವೆಂದು ವಿಶ್ವವಿದ್ಯಾಲಯಕ್ಕೆ ಬರೆದಿದ್ದಾರೆ. ಆದರೆ ಅನ್ಯಾಯ ಎಸಗಿದ ತಮಗೇ ಒಂದು ಪ್ರತಿ ಕಳಿಸಬೇಕೆಂಬ ಸೌಜನ್ಯ ಅವರಿಗೆ ತೋಚಲಿಲ್ಲ. ಆ ಕೊರತೆಯನ್ನು ತುಂಬಿಸಿಕೊಡಲೆಂದೇ ಈ ಬಹಿರಂಗ ಪತ್ರ.

ಬಳಗದವರ ಪ್ರೀತಿ ಎಷ್ಟು ಆಳವೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಜುಲೈ ತಿಂಗಳಲ್ಲಿ ಪತ್ರಿಕೆಯೊಂದರ ಮೂಲೆಯಲ್ಲಿ, ಈ ವರ್ಷ ಕಣ್ಣಿಡಬೇಕಾದ ಹೊಸ ಕಾಲೇಜು ಆಟಗಾರ್ತಿಯರು ಎಂದು ಐದು ಹೆಸರು ಬಂದವು. ನಾಲ್ಕನೆಯದು ನನ್ನ ಮಗಳದು. ಒನ್-ನಾರ್ತ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಮ್ಯಾನೇಜರಾಗಿರುವ, ಬಳಗದ ಅಧ್ಯಕ್ಷರೂ ಆಗಿರುವ ಅಶ್ವತ್ಥನಾರಾಯಣ ಅವರು ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದ್ದು ಬೆಳಗ್ಗೆ ಒಂಬತ್ತಕ್ಕೆ. ಹತ್ತಕ್ಕೆಲ್ಲ ಅವಳು ಏಷ್ಯನ್ ಗೇಮ್ಸಿಗೆ ಹೋಗಿದ್ದಳು, ಮಧ್ಯಾಹ್ನದ ಊಟಕ್ಕೆ ಮುಂಚೆ ಅಮೆರಿಕದ ಲೀಗಿನಲ್ಲಿ ಸಹಿ ಹಾಕಿದ್ದಳು. ಅಲ್ಲಿಯತನಕ ಅವಳು ಕಾಲೇಜಿನ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆಡಿರಲಿಲ್ಲ ಎಂಬುದು ಸಣ್ಣ ತಾಂತ್ರಿಕ ತೊಡಕು. "ಫಸ್ಟ್ ಮ್ಯಾಚಲ್ಲೇ ಮೂವತ್ತು ಪಾಯಿಂಟ್, ಬೇಕಾದ್ರೆ ಬರ್ಕೊಡ್ತೀನಿ" ಎಂದರು ಅಧ್ಯಕ್ಷರು. "ಸರ್, ಇದ್ರಲ್ಲಿ ಟೋಟಲ್ ಎಷ್ಟು ಓವರ್?" ಎಂದು ಕೇಳಿದರು ಕಾರ್ಯದರ್ಶಿ ರಘುನಾಥ್. ಕೌಸಲ್ಯಾ ಆಂಟಿ ಅನ್ನುವವರು ಮೂರು ಹೃದಯದ ಚಿತ್ರ ಹಾಕಿ, "ಹುಡುಗಿ ತುಂಬಾ ಮುದ್ದಾಗಿದಾಳೆ, ಶಾರ್ಟ್ಸ್ ಸ್ವಲ್ಪ ಉದ್ದ ಹೊಲಿಸಕ್ಕಾಗಲ್ವಾ" ಎಂದು ವಿಚಾರಿಸಿದರು.

ಆಮೇಲೆ ಅಧ್ಯಕ್ಷರು ನನಗೆ ಮಾತ್ರ ಕಾಣುವಂತೆ ಪ್ರತ್ಯೇಕವಾಗಿ ಬರೆದರು. "ಸೀನಪ್ಪ, ನೀವು ಯಾವ ಕಡೆಯವರು ಅಂತ ಗೊತ್ತಾಗ್ಲಿಲ್ಲ." ಜುರಾಂಗ್ ಈಸ್ಟ್ ಕಡೆಯವರು ಎಂದೆ. "ಅಲ್ಲಾರೀ, ಊರಲ್ಲಿ." ಊರಲ್ಲಲ್ಲ ಸರ್, ಊರ ಹೊರಗೆ ಎಂದೆ. ಅವರು ಟೈಪ್ ಮಾಡುತ್ತಿದ್ದಾರೆ ಎಂದು ಫೋನು ಬಹಳ ಹೊತ್ತು ತೋರಿಸಿತು, ನಿಲ್ಲಿಸಿತು, ಮತ್ತೆ ತೋರಿಸಿತು. ಇಪ್ಪತ್ತು ನಿಮಿಷದ ಬೌದ್ಧಿಕ ಪರಿಶ್ರಮದ ನಂತರ ಬಂದದ್ದು ಮುಗಿದ ಎರಡು ಕೈಗಳ ಚಿತ್ರ. ಅಷ್ಟರಲ್ಲಿ ಸನ್ಮಾನದ ಪೋಸ್ಟರು ಅಚ್ಚಾಗಿಬಿಟ್ಟಿತ್ತು; ಇಲ್ಲದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಹೌದು ಮಾನ್ಯರೇ, ಸನ್ಮಾನ. ನಮ್ಮ ಜನ ಯಾರನ್ನಾದರೂ ಮೆಚ್ಚಿದರೆ ಅವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೈ ಎರಡೂ ತುಂಬಿಸಿ, ಏನನ್ನೂ ಮಾಡಲಾಗದ ಸ್ಥಿತಿಗೆ ತರುತ್ತೇವೆ. ಮೊದಲ ಪಂದ್ಯದ ದಿನವೇ, ಟೋವಾ ಪಾಯೋದ ಒಂದು ಸಭಾಂಗಣದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ ಎಂದಾಗ ಮಗಳು ನನ್ನ ಮುಂದೆ ನಿಂತು, ಮಾತಿನ ಕೊನೆಗೊಂದು ಲಾ ಸೇರಿಸುವ ಇಲ್ಲಿಯವರ ಧಾಟಿಯಲ್ಲೇ, ಸ್ಪಷ್ಟವಾಗಿ ಹೇಳಿದಳು: "ಅಪ್ಪಾ, ಇನ್ನೂ ಒಂದ್ ಮ್ಯಾಚೂ ಆಡಿಲ್ಲ ಲಾ, ಯಾತಕ್ಕೆ ಸನ್ಮಾನ? ಎರಡೂವರೆಗೆ ರಿಪೋರ್ಟ್ ಮಾಡ್ಬೇಕು. ಲೇಟಾದ್ರೆ ಯಾರೇ ಆಗ್ಲಿ, ಕೋಚ್ ಆವತ್ತು ಆಡ್ಸಲ್ಲ." ಅವಳ ತಾಯಿ ಶೋಭಾ ಕೂಡ ಬೇಡವೆಂದಳು. "ಹತ್ತು ನಿಮಿಷ ಅಷ್ಟೇ ಕಣಮ್ಮಾ, ತಲೆ ತೋರಿಸಿ ಬಂದ್ಬಿಡು" ಎಂದು ಹೇಳಿದವನು ನಾನು.

ತಮ್ಮ ಮೇಲೆ ದೂರು ಹೇಳುವಾಗ ಇದನ್ನು ಮುಚ್ಚಿಡುವುದು ತರವಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ತಮಟೆ ಹೊತ್ತು, ನೀಲಿ ಬಾವುಟ ಹಿಡಿದು, ಗೋಡೆಯ ಮೇಲೆ ಸುಣ್ಣದಲ್ಲಿ ಘೋಷಣೆ ಬರೆದು, ಹಾರ ತುರಾಯಿಗಳಿಗೆ ಧಿಕ್ಕಾರ ಕೂಗಿದವನು ನಾನು. ಆದರೆ ನಮ್ಮೂರ ನ್ಯಾಯಬೆಲೆ ಅಂಗಡಿಯ ಮುಂದೆ ತಮ್ಮ ಕುಲದವರೇ ಆದ ಒಂದು ಸಿಮೆಂಟ್ ಬೆಂಚಿತ್ತು. ನನ್ನಪ್ಪ ತಿಂಗಳಿಗೊಂದು ದಿನ ಕಾರ್ಡು ಹಿಡಿದು ಅದರ ಪಕ್ಕ ನಿಲ್ಲುತ್ತಿದ್ದ. ಕೂತವರೆಲ್ಲ ಅಕ್ಕಿ ತೂಗಿಸಿಕೊಂಡು ಹೋದ ಮೇಲೂ, ಬೆಂಚು ಉದ್ದಕ್ಕೂ ಖಾಲಿಯಾದ ಮೇಲೂ ನಿಂತೇ ಇರುತ್ತಿದ್ದ. ಕೂತುಕೋ ಎಂದು ಯಾರೂ ಹೇಳಲಿಲ್ಲ, ಕೂರಬೇಡ ಎಂದು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅಂಥವನ ಮೊಮ್ಮಗಳ ತಲೆಗೆ ಅಂಥ ಬೆಂಚಿನಲ್ಲಿ ಕೂತವರೇ ಪೇಟ ಇಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟಿತು. ಧಿಕ್ಕಾರ ಕೂಗಿದ ಗಂಟಲಿಗೂ ಇಂಥ ಆಸೆ ಹುಟ್ಟುತ್ತದೆ, ಏನು ಮಾಡುವುದು.

ನೋಡಿದೆ. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ದೀಪ ಹಚ್ಚಿದರು, ಹೊಗೆ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು, ಆರಿಸಿದರು, ಮತ್ತೆ ಹಚ್ಚಿದರು. ಅಧ್ಯಕ್ಷರು ನಲವತ್ತು ನಿಮಿಷ ಮಾತಾಡಿ, "ಈ ಮಗು ಸೀನಪ್ಪನ ಮಗು ಅಲ್ಲ, ನಮ್ಮೆಲ್ಲರ ಮಗು" ಎಂದು ಘೋಷಿಸಿದಾಗ ಮಗು ಗೋಡೆ ಗಡಿಯಾರವನ್ನು ನೋಡುತ್ತಿತ್ತು. ಪೇಟ ತೊಡಿಸುವ ಹೊತ್ತಿಗೆ ಎತ್ತರ ಅಡ್ಡ ಬಂತು. "ಸ್ವಲ್ಪ ಬಗ್ಗಮ್ಮಾ" ಎಂದರು. ಬಗ್ಗಿದಳು. "ಇನ್ನೂ ಸ್ವಲ್ಪ." ಬಗ್ಗಿದಳು. ಫೋಟೋ ಸರಿ ಬರಲಿಲ್ಲವೆಂದು ಪೇಟ ತೆಗೆದು, "ಮತ್ತೊಂದ್ಸಲ ಬಗ್ಗು ಪುಟ್ಟಾ, ಕ್ಯಾಮೆರಾ ನೋಡ್ಕೊಂಡು" ಎಂದರು. ಎತ್ತರದ ಹುಡುಗಿಯೆಂದು ತಂಡ ಆರಿಸಿಕೊಂಡವಳನ್ನು ನಮ್ಮವರು ಗೌರವಿಸಲಿಕ್ಕಾಗಿ ಮೂರು ಸಲ ಬಗ್ಗಿಸಿದರು, ನಾನು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಬ್ಯಾಚ್ ಬ್ಯಾಚಾಗಿ ಫೋಟೋ ಮುಗಿದು, ಹಣ್ಣಿನ ಬುಟ್ಟಿ ಹೊತ್ತು, ಎಂಆರ್‌ಟಿ ರೈಲು ಹಿಡಿದು, ಬಸ್ಸು ಬದಲಿಸಿ ಅವಳು ಒಳಾಂಗಣ ಮುಟ್ಟಿದಾಗ ಎರಡು ಐವತ್ತು. ಕೋಚ್ ಲಿಮ್ ಮೇಡಂ ಬೈಯಲಿಲ್ಲ. ಹಣ್ಣಿನ ಬುಟ್ಟಿ ನೋಡಿದರು, ಗಡಿಯಾರ ನೋಡಿದರು, ಬೆಂಚಾದ ತಮ್ಮ ಕಡೆ ಬೆರಳು ತೋರಿಸಿದರು.

ಮುಂದಿನದಕ್ಕೆ ತಾವೇ ಸಾಕ್ಷಿ. ಬಳಗದ ನಲವತ್ತು ಜನ ಕೆಂಪು ಹಳದಿ ಶಲ್ಯ ಹೊದ್ದು, ಡೋಲು ತಂದು, "ಸುರಕ್ಷಾನ ಇಳಿಸ್ರೀ, ಸುರಕ್ಷಾನ ಇಳಿಸ್ರೀ" ಎಂದು ಕೂಗುತ್ತಿದ್ದರೆ ಅವಳು ತಲೆಗೆ ಟವಲ್ ಹಾಕಿಕೊಂಡು ತಮ್ಮ ತುದಿಯಲ್ಲಿ ಕೂತಿದ್ದಳು. ತಡವಾಗಿಸಿದವರೇ ಏಕೆ ಆಡಿಸುತ್ತಿಲ್ಲವೆಂದು ಕೇಳುವ ಈ ಧೈರ್ಯ ಕನ್ನಡಿಗರ ಕ್ರೀಡಾ ಮನೋಭಾವಕ್ಕೆ ಸಂದ ಜಯವೆಂದೇ ನಾನು ಭಾವಿಸುತ್ತೇನೆ. ಮೊದಲ ವಿರಾಮದಲ್ಲಿ ಅಂಕಣದ ಮೇಲಿನ ಬೆವರು ಒರೆಸುವ ಸರದಿ ಅವಳದಿತ್ತು. ಎದ್ದು ಹೋಗಿ ಬಟ್ಟೆ ಕಟ್ಟಿದ ಕೋಲು ಹಿಡಿದು ಒರೆಸಿದಳು. "ಅಯ್ಯೋ, ನಮ್ಮ ಹುಡುಗಿ ಕೈಲಿ ನೆಲ ಒರೆಸ್ತಾವ್ರಲ್ರೀ" ಎಂದು ಒಂದು ದನಿ ಮರುಗಿತು. ನನ್ನ ಹಿಂದಿನ ಸಾಲಿನಿಂದ ಇನ್ನೊಂದು ದನಿ, ಮೆತ್ತಗೆ: "ಎಲ್ಲೋದ್ರೂ ಅವರಿಗೆ ಅದೇ ಕೆಲ್ಸ ಸಿಗುತ್ತೆ ಬಿಡಿ." ಇಬ್ಬರು ನಕ್ಕರು. ಸನ್ಮಾನದಲ್ಲಿ, ನಮ್ಮೆಲ್ಲರ ಮಗು ಎಂದದ್ದೂ ಅದೇ ದನಿ. ತಿರುಗಿ ನೋಡಲಿಲ್ಲ ನಾನು. ತಿರುಗಿದ್ದರೆ ಹಳೆಯ ಗಂಟಲು ಎದ್ದುಬಿಡುತ್ತಿತ್ತು, ಮಗಳು ಇನ್ನೊಂದು ಟವಲ್ ಹುಡುಕಬೇಕಾಗುತ್ತಿತ್ತು. ಎರಡನೆಯ ವಿರಾಮದಲ್ಲಿ ಅದೇ ಕೋಲು ಹಿಡಿದು ಒರೆಸಿದವಳು ತಂಡದ ಕ್ಯಾಪ್ಟನ್. ಅದನ್ನು ನೋಡಲು ಬಳಗದವರು ಯಾರೂ ಇರಲಿಲ್ಲ, ಸಮೋಸಾ ಹಂಚಿಕೆ ಶುರುವಾಗಿತ್ತು.

ಈಗ ಹೇಳಿ ಮಾನ್ಯರೇ, ತಮ್ಮ ವರ್ತನೆ ಎಂಥದ್ದು. ಅವಳು ಬಂದು ಕೂತಾಗ ಯಾವ ಕಡೆಯವಳೆಂದು ತಾವು ಕೇಳಲಿಲ್ಲ. ಮೂವತ್ತು ಪಾಯಿಂಟು ಬರೆದುಕೊಡು ಎನ್ನಲಿಲ್ಲ. ಬಗ್ಗು ಎನ್ನಲಿಲ್ಲ, ಚಡ್ಡಿಯ ಉದ್ದ ಅಳೆಯಲಿಲ್ಲ, ಕೂತದ್ದಕ್ಕೆ ಸಹಿ ಸಂಗ್ರಹಿಸಲಿಲ್ಲ. ಒಬ್ಬ ಹೊಸ ಆಟಗಾರ್ತಿಯ ಬಗ್ಗೆ ಇಷ್ಟೊಂದು ನಿರೀಕ್ಷೆಯಿಲ್ಲದೆ ಇರುವುದು ಸಭ್ಯ ಸಮಾಜಕ್ಕೆ ಶೋಭಿಸುವಂಥದ್ದಲ್ಲ. ಆದ್ದರಿಂದ ನನ್ನ ಬೇಡಿಕೆ ಹೀಗಿದೆ: ತಾವು ಒಂದು ಭಾನುವಾರ ಬಿಡುವು ಮಾಡಿಕೊಂಡು, ಹಸಿರು ಲೈನಿನ ರೈಲಿನಲ್ಲಿ ಬಂದು ಕೆಂಪು ಲೈನಿಗೆ ಬದಲಿಸಿ, ಟೋವಾ ಪಾಯೋದ ಸಭಾಂಗಣಕ್ಕೆ ದಯಮಾಡಿಸಿ, ಬಳಗದ ಕಾರ್ಯಕಾರಿ ಸಮಿತಿಯನ್ನು ನಲವತ್ತು ನಿಮಿಷ ಮೈಕಿಲ್ಲದೆ ಕೂರಿಸಿಕೊಳ್ಳಬೇಕು. ಅದಾದ ಮೇಲೆ ರಜೆಯಿದ್ದರೆ ನಮ್ಮೂರ ನ್ಯಾಯಬೆಲೆ ಅಂಗಡಿಯ ತನಕ ಹೋಗಿ, ಆ ಸಿಮೆಂಟಿನ ಸೋದರನಿಗೆ ಕೂರಿಸುವ ಕೆಲಸ ಹೇಗೆಂದು ಕಲಿಸಿಕೊಟ್ಟು ಬರಬೇಕು. ವಿಮಾನದಲ್ಲಿ ಕಾಲು ಚಾಚಲು ಜಾಗ ಕಮ್ಮಿ, ಅದಕ್ಕೆ ಮುಂಚಿತವಾಗಿ ಕ್ಷಮೆ ಕೋರುತ್ತೇನೆ.

ಇಷ್ಟೆಲ್ಲ ಲಘುವಾಗಿ ಬರೆಯಲು ಆಗುತ್ತಿರುವುದು ಈಗ. ಪಂದ್ಯವಾದ ಮೂರನೆಯ ದಿನ ಆಗುತ್ತಿರಲಿಲ್ಲ. ಬಳಗದ ಮನವಿ ಕೋಚ್ ಕೈಗೆ ತಲುಪಿ, ತಂಡದವರೆಲ್ಲ ಶೂ ಕಟ್ಟಿಕೊಳ್ಳುತ್ತಿರುವಾಗ ಅವರು ಅದನ್ನು ತೋರಿಸಿ, ಇದು ನೀನು ಬರೆಸಿದ್ದೇ ಎಂದು ಕೇಳಿದರಂತೆ. ಉಳಿದ ಹನ್ನೊಂದು ಹುಡುಗಿಯರು ಶೂ ಲೇಸು ಬಿಟ್ಟು ಇವಳನ್ನು ನೋಡಿದರಂತೆ. ಆ ಸಂಜೆ ಅವಳು ಹದಿನಾಲ್ಕನೆಯ ನಂಬರಿನ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ವಾಪಸು ಕೊಡಲು ಚೀಲಕ್ಕೆ ಹಾಕಿದಳು. "ನಂಗೆ ಬೇಡ ಅಪ್ಪಾ. ಆಡಿದ್ರೂ ಅವ್ರು ಆಡ್ಸಿದ್ರು ಅಂತಾರೆ, ಬಿಟ್ರೂ ಅವ್ರು ಬಿಡ್ಸಿದ್ರು ಅಂತಾರೆ." ಎಂಟು ವರ್ಷದವಳಿದ್ದಾಗಿನಿಂದ ನಮ್ಮ ಬ್ಲಾಕಿನ ಹಿಂದಿನ ಅಂಕಣದಲ್ಲಿ ಕತ್ತಲಾಗುವವರೆಗೂ ಚೆಂಡು ಬಡಿಯುತ್ತಿದ್ದವಳು.

ಮರುದಿನ ಅಂಗಿ ಕೊಡಲು ಹೋದವಳು ಅದೇ ಚೀಲದೊಂದಿಗೆ ಹಿಂದಿರುಗಿದಳು. ಕೋಚ್ ಅಂಗಿಯನ್ನು ಬಿಚ್ಚಿಯೂ ನೋಡಲಿಲ್ಲವಂತೆ. "ಯು ಸಿಟ್ ಫಸ್ಟ್. ಬೆಂಚ್ ಆಲ್ಸೋ ಟೀಮ್, ವಾಟ್" ಎಂದರಂತೆ, ಮೊದಲು ಕೂರು, ಬೆಂಚೂ ತಂಡವೇ ತಾನೇ ಎಂದು, ಅಷ್ಟೇ. ನಲವತ್ತು ನಿಮಿಷದ ಭಾಷಣದಲ್ಲಿ ಇಲ್ಲದ್ದು ಆ ಏಳು ಪದದಲ್ಲಿತ್ತು.

ಮೊನ್ನೆ ಎರಡನೆಯ ಪಂದ್ಯ. ಅನ್ಯಾಯವನ್ನು ಖಂಡಿಸಿ ಬಳಗದವರು ಪಂದ್ಯಕ್ಕೆ ಬಹಿಷ್ಕಾರ ಹಾಕಿದ್ದರಿಂದ, ಅವರ ಇತಿಹಾಸದಲ್ಲೇ ಕ್ರೀಡೆಗೆ ಸಂದ ಅತಿ ದೊಡ್ಡ ಸೇವೆ ಅದಾಗಿ, ಗ್ಯಾಲರಿಯಲ್ಲಿ ನಾನೂ ಶೋಭಾಳೂ ಇನ್ನು ಯಾರದೋ ಅಜ್ಜಿಯೊಬ್ಬರೂ ಇದ್ದೆವು. ಮೂರನೆಯ ಭಾಗದಲ್ಲಿ ಕೋಚ್ ಅವಳತ್ತ ತಿರುಗಿದರು. ಆರು ನಿಮಿಷ ಆಡಿದಳು. ಎರಡು ಪಾಯಿಂಟು, ಎರಡು ಫೌಲು, ಕೈತಪ್ಪಿದ ಒಂದು ಚೆಂಡು. ಅಧ್ಯಕ್ಷರು ಬರೆದುಕೊಟ್ಟಿದ್ದಕ್ಕೆ ಇಪ್ಪತ್ತೆಂಟು ಕಮ್ಮಿ. ವಾಪಸು ಕರೆದಾಗ ಏದುಸಿರು ಬಿಡುತ್ತ ತಮ್ಮ ಕಡೆ ಬಂದಳು. ತಮ್ಮ ಮೇಲೆ ಜಾಗವಿರಲಿಲ್ಲ. ಕೂತಿದ್ದ ಹುಡುಗಿಯರು ಆಟದಿಂದ ಕಣ್ಣು ತೆಗೆಯದೆ, ಯಾರೂ ಹೇಳದೆ, ಒಬ್ಬರಿಗೊಬ್ಬರು ಒತ್ತಿಕೊಂಡು ಆ ಕಡೆ ಸರಿದರು. ಒಂದು ಗೇಣು, ಎರಡು ಗೇಣು, ಒಬ್ಬಳು ಕೂರುವಷ್ಟು.

ಅವಳು ಕೂತಳು. ನನ್ನಪ್ಪನಿಗೆ ಯಾರೂ ಸರಿದಿರಲಿಲ್ಲ ಮಾನ್ಯರೇ. ದೂರನ್ನು ವಾಪಸು ಪಡೆಯುತ್ತಿದ್ದೇನೆ.

ಗ್ಯಾಲರಿಯ ಕೊನೆಯ ಸಾಲಿನಿಂದ,
ತಮ್ಮ ವಿಶ್ವಾಸಿ,
ಸೀನಪ್ಪ
(ಹದಿನಾಲ್ಕನೆಯ ನಂಬರಿನ ಅಪ್ಪ)

ತಾ.ಕ.: ಮುಂದಿನ ತಿಂಗಳು ಟೇಬಲ್ ಟೆನಿಸ್ ಆಡುವ ದೀಪೇಶ್ ಎಂಬ ಹುಡುಗನಿಗೆ ಸನ್ಮಾನವಿರುವುದರಿಂದ ಪೇಟ, ಶಾಲು ಎರಡನ್ನೂ ಹಿಂದಿರುಗಿಸಬೇಕೆಂದು ಬಳಗದಿಂದ ಸಂದೇಶ ಬಂದಿದೆ. ಪೇಟ ಕಳಿಸಿದ್ದೇನೆ. ಶಾಲನ್ನು ಮಗಳು ಅಂಕಣ ಒರೆಸಲು ಒಯ್ದಿದ್ದಳು, ಉಪಯೋಗಕ್ಕೆ ಬರಲಿಲ್ಲವೆಂದು ತಂದಿಟ್ಟಿದ್ದಾಳೆ. ಹೊಳಪು ಬಹಳವಿದೆಯಂತೆ, ಬೆವರು ಮಾತ್ರ ಅದಕ್ಕೆ ಅಂಟುವುದೇ ಇಲ್ಲವಂತೆ. ಅದನ್ನೂ ಒಗೆಯದೆ ಹಾಗೇ ಕಳಿಸುತ್ತಿದ್ದೇನೆ. ಅಧ್ಯಕ್ಷರು ಒಮ್ಮೆ ತಾವೇ ಹೊದ್ದು ನೋಡಬಹುದು, ಬಗ್ಗುವ ಅಗತ್ಯವಿಲ್ಲ.