ನಲವತ್ತು ಮುಟ್ಟದ ಮುಳ್ಳು

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ವಿಜ್ಞಾನದ ಮೇಷ್ಟ್ರು ಆಯಿಲ್ ಪ್ರೆಷರ್ ತೋರಿಸುವ ಡಯಲ್ ನೋಡಿ ಕೂತಲ್ಲೇ ಬೆವತುಹೋದರು. ಮುಳ್ಳು ನಾಲ್ಕರ ಮೇಲೆ ನಿಂತಿತ್ತು. ಕಾರಿನ ಜೊತೆ ಬಂದಿದ್ದ ಹಳೆಯ ಕೈಪಿಡಿಯಲ್ಲೋ, ಮುಳ್ಳು ನಲವತ್ತಕ್ಕಿಂತ ಕೆಳಗಿಳಿದರೆ ತಕ್ಷಣ ಎಂಜಿನ್ ನಿಲ್ಲಿಸಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮೇಷ್ಟ್ರು ನಿಲ್ಲಿಸಿದರು. ಎಂಜಿನ್ ಜೊತೆ ಅವರ ಎದೆಯೂ ಒಂದು ಕ್ಷಣ ನಿಂತಂತಾಯಿತು.

ಕಾರು ಅಂದರೆ ಅಂತಿಂಥ ಕಾರಲ್ಲ. ಉದ್ದ ಮೂತಿ, ಎರಡೇ ಸೀಟು, ಕೆಂಪು ಬಣ್ಣ, ಮೇಷ್ಟ್ರಿಗಿಂತ ಹೆಚ್ಚು ವಯಸ್ಸು. ಮದುವೆಯಾಗದ ಚಿಕ್ಕಪ್ಪ ಸಾಯುವಾಗ ಬಿಟ್ಟುಹೋದದ್ದು. ಅದು ಮನೆಗೆ ಬಂದ ಮೇಲೆ ಭಾನುವಾರಗಳಲ್ಲಿ ಮೇಷ್ಟ್ರ ಹೆಂಡತಿಗೆ ಗಂಡನ ಮುಖಕ್ಕಿಂತ ಪಾದಗಳ ಪರಿಚಯವೇ ಹೆಚ್ಚಾಯಿತು. ಮಿಕ್ಕ ಭಾಗವೆಲ್ಲ ಕಾರಿನಡಿ ಇರುತ್ತಿತ್ತು. ಆಕೆ ಎಷ್ಟು ದಿನ ಅಂತ ಸಹಿಸಿಯಾರು? ಹಿಂದಿನ ರಾತ್ರಿ ಊಟಕ್ಕೆ ಬಡಿಸುತ್ತಲೇ ತೀರ್ಪು ಕೊಟ್ಟಿದ್ದರು.

"ನಾಳೆ ಮಧ್ಯಾಹ್ನ ಅಕ್ಕನ ಮನೇಲಿ ಊಟ. ಈ ನಿಮ್ಮ ರಥ ನನ್ನನ್ನ ಅಲ್ಲಿಗೆ ತಲುಪಿಸಿದ್ರೆ ಮನೇಲಿರುತ್ತೆ. ದಾರೀಲಿ ಕೆಟ್ಟು ನಿಂತ್ರೆ ನಾಡಿದ್ದು ಗುಜರಿಗೆ ಹೋಗುತ್ತೆ."

ಹಾಗಾಗಿ ಮೇಷ್ಟ್ರು ಬಾನೆಟ್ ಎತ್ತಿದರು. ಆ ಬೀದಿಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಮೊದಲು ಬಂದವರು ಮಹಡಿ ಮನೆಯ ಕಂಪೌಂಡರ್. ಮೂವತ್ತು ವರ್ಷ ಡಾಕ್ಟರ ಪಕ್ಕದಲ್ಲಿ ನಿಂತು, ಈಗ ಡಾಕ್ಟರಿಗೇ ಏನೂ ತಿಳಿಯದು ಎಂಬಲ್ಲಿಗೆ ಬಂದು ತಲುಪಿದ್ದವರು. ಅವರ ಹಿಂದೆಯೇ ಮೇಷ್ಟ್ರ ಸ್ಕೂಲಿನ ಡ್ರಿಲ್ ಮೇಷ್ಟ್ರು. ಎದುರು ಮನೆಯೇ ಅವರದು. ಯಾವುದೋ ಪಂದ್ಯ ನಡೆಸಲು ಹೊರಟಿದ್ದರಿಂದ ಮೈಮೇಲೆ ಹಾಲಿನಂಥ ಬಿಳಿ ಪ್ಯಾಂಟು, ಬಿಳಿ ಷರ್ಟು ಇತ್ತು.

ಕಂಪೌಂಡರ್ ಕಾಯಿಲೆಯ ವಿವರವನ್ನೆಲ್ಲ ಕೇಳಿಕೊಂಡು ತಲೆಯಾಡಿಸಿದರು. ಪ್ರೆಷರ್ ಇಳಿಯುವುದು ಒಳಗಿನ ದ್ರವ ತೆಳ್ಳಗಾದಾಗ. ಮನುಷ್ಯನಿಗಾದರೂ ಅಷ್ಟೆ, ಯಂತ್ರಕ್ಕಾದರೂ ಅಷ್ಟೆ. ಈ ಆಯಿಲ್ ಬಸಿದು ಗಟ್ಟಿ ಆಯಿಲ್ ಹಾಕಿ ಎಂದರು. ಮೇಷ್ಟ್ರು ಓಡಿಹೋಗಿ ಲಾರಿಗೆ ಹಾಕುವ ಗಟ್ಟಿ ಆಯಿಲ್ ತಂದರು, ಕಾರಿನಡಿ ತೂರಿ ಹಳೆಯದನ್ನು ಬಸಿದರು, ಹೊಸದನ್ನು ತುಂಬಿದರು. ಸ್ಟಾರ್ಟ್ ಮಾಡಿದಾಗ ಮುಳ್ಳು ನಾಲ್ಕೂವರೆಗೆ ಬಂತು.

ನಾಡಿ ಸುಧಾರಿಸುತ್ತಿದೆ ಎಂದು ಕಂಪೌಂಡರ್ ಹಿಗ್ಗಿದರು. ಡ್ರಿಲ್ ಮೇಷ್ಟ್ರು ಮೂಗು ಮುರಿದರು. ಎಂಜಿನ್ನಿನ ಪಕ್ಕೆಯಲ್ಲಿ ಒಂದು ಬೋಲ್ಟು, ಅದರ ಹಿಂದೆ ಒಂದು ಸ್ಪ್ರಿಂಗು. ಪ್ರೆಷರ್ ಜಾಸ್ತಿಯಾದಾಗ ಆಯಿಲ್ಲನ್ನು ಹಿಂದಕ್ಕೆ ಬಿಡುವುದು ಅದರ ಕೆಲಸ. ಅದು ಸೋಮಾರಿಯಾಗಿ ಮೊದಲೇ ಬಾಗಿಲು ತೆಗೆಯುತ್ತಿದೆ ಎಂಬುದು ಅವರ ವಾದ. ಸೋಮಾರಿಗಳನ್ನು ನೆಟ್ಟಗೆ ಮಾಡುವುದರಲ್ಲೇ ಅವರ ಜೀವಮಾನ ಕಳೆದಿತ್ತು.

"ಸ್ಪ್ರಿಂಗ್ ಹಿಂದೆ ಒಂದು ವಾಷರ್ ಕೊಟ್ಟು ಬಿಗೀರಿ ಸಾರ್. ತಾನಾಗಿ ಅಟೆನ್ಷನ್‌ಗೆ ಬರುತ್ತೆ," ಎಂದರು.

ವಾಷರ್ ಕೊಟ್ಟರು. ಮುಳ್ಳು ಆರಕ್ಕೇರಿತು. ಮೂವರಿಗೂ ಹುಮ್ಮಸ್ಸು ಬಂತು. ಇನ್ನೊಂದು ವಾಷರ್ ಕೊಟ್ಟರು, ಏಳಕ್ಕೇರಿತು. ನಲವತ್ತಕ್ಕೆ ಇನ್ನೂ ಮೂವತ್ತಮೂರು ಬಾಕಿ. ಹೀಗೇ ಹೋದರೆ ಎಷ್ಟು ವಾಷರ್ ಬೇಕಾದೀತೆಂದು ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಡ್ರಿಲ್ ಮೇಷ್ಟ್ರು ಮನೆಗೆ ಹೋಗಿ ಹಿಡಿ ತುಂಬ ವಾಷರ್ ತಂದು, ಒಂದೊಂದೇ ಹಾಕುತ್ತ ಕೂತರೆ ಸಂಜೆಯಾದೀತೆಂದು ಮೂರನ್ನು ಒಟ್ಟಿಗೆ ತುರುಕಿ ಬಿಗಿದರು. ಆಮೇಲೆ ಎಂಜಿನ್ನಿನ ಮೇಲೆ ಬಾಗಿ, ಈಗ ರೇಸ್ ಕೊಡಿ ಎಂದು ಕೈಯೆತ್ತಿದರು.

ಮೇಷ್ಟ್ರು ಆಕ್ಸಿಲರೇಟರ್ ತುಳಿದರು. ಮುಳ್ಳು ಎಂಟು ದಾಟಿತು, ಒಂಬತ್ತು ದಾಟಿತು. ಅಷ್ಟರಲ್ಲಿ ಫಿಲ್ಟರಿನ ಬುಡದ ರಬ್ಬರ್ ಬಳೆ ಕಿತ್ತುಕೊಂಡು ಆಯಿಲ್ ಬುಗ್ಗೆಯಂತೆ ಚಿಮ್ಮಿತು. ಕಂಪೌಂಡರ್ ಅನುಭವಸ್ಥರು, ರಕ್ತ ಕಂಡೊಡನೆ ಹಿಂದೆ ಸರಿದರು. ಡ್ರಿಲ್ ಮೇಷ್ಟ್ರು ಮಾತ್ರ ಬೆಚ್ಚಿ ಅಟೆನ್ಷನ್ನಿಗೆ ಬಂದು ನಿಂತು ಹಣೆಯಿಂದ ಮೊಣಕಾಲಿನವರೆಗೆ ತೊಯ್ದುಹೋದರು. ಸ್ಪ್ರಿಂಗ್ ವಿಚಾರ ತಮಗೆ ಮೊದಲೇ ಅನುಮಾನವಿತ್ತೆಂದು ಕಂಪೌಂಡರ್ ಹೇಳಿದರು. ಡ್ರಿಲ್ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, ಎಲ್ಲಕ್ಕೂ ಮೂಲ ಆ ಗಟ್ಟಿ ಆಯಿಲ್ಲೇ ಎಂದು ತಿರುಗಿಬಿದ್ದರು. ಇಬ್ಬರ ನಡುವೆ ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಕಾರು ಕೈಬಿಟ್ಟುಹೋಯಿತೆಂದು ಅವರಿಗೆ ನಿಜವಾಗಿಯೂ ಅಳು ಬಂತು.

ಗದ್ದಲ ಕೇಳಿ ಹೊಸ ಸೀರೆಯುಟ್ಟ ಹೆಂಡತಿ ಹೊರಗೆ ಬಂದರು. ಸೆರಗು ಎತ್ತಿಹಿಡಿದುಕೊಂಡು, ಆಯಿಲ್ ತುಳಿಯದಂತೆ ಬಳಸಿ ಬಂದು, ಕಾರಿನೊಳಗೆ ಇಣುಕಿ ನೋಡಿದರು.

"ಎಷ್ಟಕ್ಕೆ ಬರಬೇಕಿತ್ತು?"

"ನಲವತ್ತು," ಎಂದರು ಮೇಷ್ಟ್ರು, ತಲೆಯೆತ್ತದೆ.

"ಈ ಡಯಲ್‌ನಲ್ಲಿ ಇರೋದೇ ಹತ್ತರವರೆಗೆ. ನಲವತ್ತು ಎಲ್ಲಿ ಹೋಗಿ ನಿಂತ್ಕೊಳ್ಳುತ್ತೆ?"

ಜಗಳ ನಿಂತಿತು. ಮೂರು ತಲೆಗಳು ಒಂದೇ ಕಿಟಕಿಯಲ್ಲಿ ತೂರಿದವು. ಕಂಪೌಂಡರ್ ಕನ್ನಡಕ ಏರಿಸಿ ಡಯಲಿನ ಕೆಳಗಿನ ಇರುವೆಯಂಥ ಅಕ್ಷರಗಳನ್ನು ಓದಿದರು. ಚದರ ಸೆಂಟಿಮೀಟರಿಗೆ ಕಿಲೋ ಎಂದಿತ್ತು. ಕೈಪಿಡಿಯ ನಲವತ್ತೋ, ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಲೆಕ್ಕ. ಹಳೆಯ ಡಯಲಿನ ಗಾಜು ಒಡೆದಿದ್ದರಿಂದ ಮೇಷ್ಟ್ರು ಹಿಂದಿನ ದಿನವಷ್ಟೇ ಹಳೇ ಸಾಮಾನಿನ ಅಂಗಡಿಯಿಂದ ಅಷ್ಟೇ ಅಗಲದ ಬೇರೊಂದನ್ನು ತಂದು ಕೂರಿಸಿದ್ದರು. ಅಗಲ ಅಳೆದಿದ್ದರೇ ಹೊರತು ಮುಖ ಓದಿರಲಿಲ್ಲ. ಈ ಡಯಲಿನ ನಾಲ್ಕು ಅಂದರೆ ಐವತ್ತಾರೋ ಐವತ್ತೇಳೋ ಪೌಂಡು. ಬೆಳಿಗ್ಗೆ ಎಂಜಿನ್ ಗುಂಡುಕಲ್ಲಿನ ಹಾಗಿತ್ತು. ಉತ್ತರದ ಮುಂದೆ ಮೀಟರೋ ಗ್ರಾಮೋ ಬರೆಯದ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಅಂಕ ಕತ್ತರಿಸುತ್ತ ಬಂದವರು ಈ ಮೇಷ್ಟ್ರು. ಡ್ರಿಲ್ ಮೇಷ್ಟ್ರು ಆಯಿಲ್ ತೊಟ್ಟಿಕ್ಕುವ ಬಟ್ಟೆಯಲ್ಲೇ ಮನೆಗೆ ನಡೆದರು. ಸೋಮವಾರ ಸ್ಟಾಫ್ ರೂಮಿನಲ್ಲಿ ಈ ಕತೆ ಕೊಂಬು ಬಾಲ ಸಮೇತ ಹೊರಡುತ್ತದೆಂದು ಮೇಷ್ಟ್ರಿಗೆ ಅರ್ಥವಾಯಿತು.

ಆದರೆ ಕಾರು ಉಳಿಯಿತಲ್ಲ. ವಾಷರುಗಳನ್ನೆಲ್ಲ ಕಿತ್ತರು, ಫಿಲ್ಟರಿಗೆ ಹೊಸ ಬಳೆ ಹಾಕಿದರು, ಚೆಲ್ಲಿಹೋದಷ್ಟು ಆಯಿಲ್ ತುಂಬಿದರು. ಮುಳ್ಳು ನಾಲ್ಕರ ಹತ್ತಿರ ಬಂದು ತೆಪ್ಪಗೆ ನಿಂತಿತು. ದಾರಿಯುದ್ದಕ್ಕೂ ಮೇಷ್ಟ್ರು ರಸ್ತೆ ನೋಡಿದ್ದು ಕಡಿಮೆ, ಡಯಲ್ ನೋಡಿದ್ದೇ ಹೆಚ್ಚು. ಸೈಕಲ್ಲಿನವನೊಬ್ಬ ಬೆಲ್ ಹೊಡೆದು ಕಾರನ್ನು ಹಿಂದೆ ಹಾಕಿ ಮುಂದೆ ಹೋದ. ಕಾರು ಎಲ್ಲೂ ನಿಲ್ಲದೆ ಅಕ್ಕನ ಮನೆ ಮುಟ್ಟಿತು.

ಊಟ ಮುಗಿಸಿ ಹೊರಟು ನಿಂತಾಗ ಆಕೆಯೇ ಮಾತು ತೆಗೆದರು.

"ಕಾರು ಗುಜರಿಗೆ ಹಾಕೋದು ಬೇಡ ಬಿಡಿ. ಮನೇಲೇ ಇರಲಿ."

ಮೇಷ್ಟ್ರಿಗೆ ಹೆಂಡತಿಯಂಥ ದೇವತೆ ಇನ್ನೊಬ್ಬರಿಲ್ಲ ಅನ್ನಿಸಿತು. ದೇವತೆ ಕೈ ಚಾಚಿದರು.

"ಕೀ ಇಲ್ಲಿ ಕೊಡಿ."

"ನಿನಗೆ ಓಡಿಸೋಕೆ ಎಲ್ಲಿ ಬರುತ್ತೆ?"

"ಮದುವೆಗೆ ಮುಂಚೆ ಅಪ್ಪನ ಲಾರೀಲಿ ಜಲ್ಲಿ ಸಾಗಿಸ್ತಿದ್ದೋಳು ನಾನು. ಲೈಸೆನ್ಸು ಬೀರೂಲಿತ್ತು, ಇವತ್ತು ಬ್ಯಾಗಲ್ಲೇ ತಂದಿದೀನಿ. ಇಷ್ಟು ವರ್ಷದಲ್ಲಿ ನೀವು ಒಂದ್ಸಲನಾದ್ರೂ ಕೇಳಿದ್ರಾ?"

ಮೇಷ್ಟ್ರು ಕೇಳಿರಲಿಲ್ಲ. ಕೀ ಕೈ ಬದಲಾಯಿತು. ಎರಡು ದಿನ ತಂಗಿಯ ಮನೆಯಲ್ಲಿರಲು ಹೊರಟಿದ್ದ ಅಕ್ಕ ಪಕ್ಕದ ಸೀಟಿನಲ್ಲಿ ಹಾಯಾಗಿ ಕೂತರು. ಇದ್ದದ್ದೇ ಎರಡು ಸೀಟು. ಅಕ್ಕನ ಸೂಟ್‌ಕೇಸು ಡಿಕ್ಕಿಯಲ್ಲಿ ಹಿಡಿಸದೆ ಮೇಷ್ಟ್ರ ಕೈಗೆ ಬಂತು.

"ಬಸ್ ಸ್ಟಾಪ್ ಆ ತಿರುವಿನಲ್ಲಿದೆ," ಎಂದರು ಹೆಂಡತಿ, ಗೇರ್ ಹಾಕುತ್ತ. "ಭಾನುವಾರ ಕೆಳಗೆ ಮಲಗಿ ಆಯಿಲ್ ನೋಡೋ ಕೆಲಸ ಎಂದಿನ ಹಾಗೆ ನಿಮ್ದೇ. ಅದಕ್ಕೆ ನಾನು ಅಡ್ಡ ಬರಲ್ಲ."

ಕೆಂಪು ಕಾರು ಒಂದೇ ಉಸಿರಿಗೆ ತಿರುವು ದಾಟಿ ಹೋಯಿತು. ಅದು ಅಷ್ಟು ವೇಗವಾಗಿ ಓಡುತ್ತದೆಂದು ಮೇಷ್ಟ್ರಿಗೆ ಗೊತ್ತಾದದ್ದು ಅವತ್ತೇ. ಅವರು ಸೂಟ್‌ಕೇಸನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.